ಆ ಕಡೆ ನೋಡು

ಫೆಬ್ರವರಿ 3

ಅಣ್ಣಾ,

ಕ್ಷೇಮವಾಗಿದ್ದೇನೆ ಎಂದು ಶುರು ಮಾಡುವುದು ವಾಡಿಕೆ. ಈ ಸಲ ಅದು ಸುಳ್ಳಾಗುತ್ತದೆ, ಹಾಗಾಗಿ ಬಿಟ್ಟಿದ್ದೇನೆ. ಫೋನ್ ಮಾಡೋಣ ಎಂದುಕೊಂಡೆ. ಆದರೆ ನಿನ್ನ ಕಿವಿಗೆ ಮುಟ್ಟುವಷ್ಟು ಕಿರುಚಿದರೆ ನಮ್ಮ ಬೀದಿಗೆಲ್ಲ ಮುಟ್ಟುತ್ತದೆ. ಇದು ಬೀದಿಗೆ ಮುಟ್ಟಬಾರದ ಸುದ್ದಿ.

ನಮ್ಮ ಬೈಂಡಿಂಗ್ ಅಂಗಡಿಯ ಮಾಲೀಕರ ಹೆಂಡತಿಗೆ ಆಪರೇಷನ್ ಇತ್ತು. ರಕ್ತ ಬೇಕೆಂದರು. ಅಂಗಡಿಯಿಂದ ಮೂವರು ಹೋಗಿ ಕೊಟ್ಟೆವು. ಎಂಟು ದಿನ ಕಳೆದ ಮೇಲೆ ಬ್ಲಡ್ ಬ್ಯಾಂಕಿನಿಂದ ನನಗೊಬ್ಬಳಿಗೇ ಕರೆ ಬಂತು. ಅಲ್ಲಿದ್ದ ಹೆಂಗಸು ಬಾಗಿಲು ಮುಂದೆ ಮಾಡಿ, "ಕೂತ್ಕೊಳ್ಳಿ ಅಮ್ಮಾ, ಗಾಬರಿ ಆಗ್ಬೇಡಿ" ಎಂದಳು. ಹಾಗಂದ ಮೇಲೆ ಗಾಬರಿಯಾಗದೆ ಇರುವವರು ಯಾರಿದ್ದಾರೆ? ನನ್ನ ರಕ್ತದಲ್ಲಿ ಹೆಪಟೈಟಿಸ್ ಸಿ ಎಂಬ ವೈರಸ್ಸಿನ ಗುರುತು ಇದೆಯಂತೆ. ಅದು ಲಿವರಿಗೆ ಹತ್ತುವ ಕಾಯಿಲೆ. ಕೆಲವರ ಮೈ ತಾನೇ ಅದನ್ನು ಓಡಿಸಿಬಿಟ್ಟಿರುತ್ತದೆ, ಗುರುತು ಮಾತ್ರ ಉಳಿದಿರುತ್ತದೆ. ವೈರಸ್ ಇನ್ನೂ ಇದೆಯೋ ಇಲ್ಲವೋ ತಿಳಿಯಲು ಇನ್ನೊಂದು ಪರೀಕ್ಷೆ ಆಗಬೇಕು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದು ಕೇಳಿ ಸುಸ್ತಾಯಿತು. ಇದು ಮೂವತ್ತು ನಲವತ್ತು ವರ್ಷ ಬೂದಿ ಮುಚ್ಚಿದ ಕೆಂಡದ ಹಾಗೆ ಇರುತ್ತದಂತೆ. ನೋವಿಲ್ಲ, ಜ್ವರವಿಲ್ಲ, ಬರೀ ಸುಸ್ತು. ಐದಾರು ವರ್ಷದಿಂದ ಮಧ್ಯಾಹ್ನ ಮೂರಾದರೆ ಹೊಲಿಗೆಯ ಸೂಜಿ ಕೈಯಲ್ಲೇ ಇರುತ್ತದೆ, ಕಣ್ಣು ಮುಚ್ಚಿಹೋಗಿರುತ್ತದೆ. ಐವತ್ತು ದಾಟಿತು, ಇನ್ನೇನು ಎಂದುಕೊಂಡಿದ್ದೆ.

ಎಲ್ಲಿಂದ ಬಂತು ಎಂದು ಪಟ್ಟಿ ಹಿಡಿದು ಕೇಳಿದರು. ಯಾವಾಗಾದರೂ ರಕ್ತ ಹಾಕಿದ್ದರಾ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಹಳೇ ಕಾಲದ ಇಂಜೆಕ್ಷನ್ನುಗಳು? ನನಗೆ ಹನ್ನೊಂದನೇ ವಯಸ್ಸಿನಲ್ಲಿ ಬಂದ ಆ ಉದ್ದನೆಯ ಜ್ವರ ನೆನಪಾಯಿತು. ನೀನು ಆಗ ನಮ್ಮೂರಿನ ಡಾಕ್ಟರ ಹತ್ತಿರ ಕಾಂಪೌಂಡರ್. ಸಾಯಂಕಾಲ ಎಲ್ಲರದೂ ಮುಗಿದ ಮೇಲೆ ನನ್ನ ಸರದಿ. "ಆ ಕಡೆ ನೋಡು ಪುಟ್ಟಿ, ಗೋಡೆ ಮೇಲೆ ಹಲ್ಲಿ ಹೇಗೆ ಕೂತಿದೆ ನೋಡು" ಅನ್ನುತ್ತಿದ್ದೆ. ಒಂದು ದಿನವೂ ಅಲ್ಲಿ ಹಲ್ಲಿ ಇರಲಿಲ್ಲ, ಸುಳ್ಳುಬುರುಕ. ಆಮೇಲೆ ನಿನ್ನ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಮನೆಗೆ ಕರೆದುಕೊಂಡು ಬರುತ್ತಿದ್ದೆ. ಎಷ್ಟು ದಿನ ಕೊಟ್ಟೆ? ಆಗ ನನಗೆ ರಕ್ತ ಏನಾದರೂ ಹಾಕಿದ್ದರಾ? ನಿನಗಲ್ಲದೆ ಇನ್ಯಾರಿಗೆ ನೆನಪಿರುತ್ತದೆ? ಬೇಗ ಬರೆ.

ಪುಟ್ಟಿ


ಫೆಬ್ರವರಿ 17

ಪುಟ್ಟಿ,

ನಿನ್ನ ಪತ್ರ ಓದಿ ನಿನ್ನ ಅತ್ತಿಗೆ ಕಣ್ಣೀರು ಹಾಕಿದಳು. ನಾನು ನಕ್ಕೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನಿನ್ನ ಹಳೇ ಚಾಳಿ. ಬರೀ ಗುರುತು ಸಿಕ್ಕಿದೆ ಎಂದು ಅವರೇ ಹೇಳಿದ್ದಾರೆ. ಇನ್ನೊಂದು ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬರುತ್ತದೆ, ಬರೆದಿಟ್ಟುಕೋ. ನಲವತ್ತು ವರ್ಷ ಔಷಧಿ ಬಾಟಲಿ ತೊಳೆದವನು ನಾನು, ಲ್ಯಾಬಿನವರ ಯೋಗ್ಯತೆ ನನಗೆ ಗೊತ್ತಿಲ್ಲವೇ? ಒಬ್ಬರ ಶೀಶೆಗೆ ಇನ್ನೊಬ್ಬರ ಹೆಸರು ಅಂಟಿಸುವ ಜನ.

ಸುಸ್ತಿಗೆ ಕಾರಣ ನಿಮ್ಮ ಅಂಗಡಿಯ ಗೋಂದಿನ ವಾಸನೆ. ಕಿಟಕಿ ತೆಗೆಸು. ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚು.

ರಕ್ತ ನಿನಗೆ ಯಾವತ್ತೂ ಹಾಕಿಲ್ಲ. ಅದು ಖಂಡಿತ.

ಇಲ್ಲಿ ಎಲ್ಲ ಸೌಖ್ಯ. ಕಿವಿಗೆ ಹೊಸ ಮೆಷಿನ್ ಬಂದಿದೆ. ಹಾಕಿಕೊಂಡರೆ ಅತ್ತಿಗೆಯ ಮಾತೆಲ್ಲ ಕೇಳಿಸುತ್ತದೆ, ಹಾಗಾಗಿ ಡಬ್ಬಿಯಲ್ಲೇ ಇಟ್ಟಿದ್ದೇನೆ.

ಅಣ್ಣ


ಮಾರ್ಚ್ 22

ಅಣ್ಣಾ,

ಬರೆದಿಟ್ಟುಕೊಂಡಿದ್ದೆ. ಈಗ ಅಳಿಸಿದೆ. ವೈರಸ್ ಇದೆ, ಲಕ್ಷಗಟ್ಟಲೆ ಇದೆ. ಹೊಟ್ಟೆಯ ಬಲಗಡೆ ಒಂದು ಯಂತ್ರ ಒತ್ತಿ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆದರು. ಗಾಯದ ಕಲೆ ಬಿದ್ದಿದೆ, ಇನ್ನೂ ಪೂರ್ತಿ ಕೆಟ್ಟಿಲ್ಲ, ತಡ ಮಾಡಿದರೆ ಕೆಡುತ್ತದೆ ಎಂದರು. ದಿನಕ್ಕೊಂದು ಮಾತ್ರೆ, ಹನ್ನೆರಡು ವಾರ. ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಜನಕ್ಕೆ ಪೂರ್ತಿ ವಾಸಿಯಾಗುತ್ತದೆ. ಆಸ್ಪತ್ರೆಯಲ್ಲೇ ಪುಕ್ಕಟೆ ಕೊಡುತ್ತಾರೆ. ಕೇಳಿದರೆ ಎಷ್ಟು ಸುಲಭ, ಅಲ್ಲವೇ?

ಮಾತ್ರೆ ಕೊಡುವುದು ಏಳನೇ ಕಿಟಕಿಯಲ್ಲಿ. ಮೇಲೆ ದೊಡ್ಡ ಅಕ್ಷರದಲ್ಲಿ ಕಾಯಿಲೆಯ ಹೆಸರು. ಸಾಲು ಆಸ್ಪತ್ರೆಯ ಮುಂಬಾಗಿಲವರೆಗೂ ಬರುತ್ತದೆ. ನಮ್ಮ ಅಂಗಡಿಗೆ ನೋಟ್‌ಬುಕ್ ಕಟ್ಟಿಸಲು ಬರುವ ಅರ್ಧ ಊರು ಆ ಬಾಗಿಲಲ್ಲೇ ಓಡಾಡುತ್ತದೆ. ಎರಡು ಸಲ ಹೋಗಿ ಕಂಬದ ಹಿಂದೆ ನಿಂತು ವಾಪಸ್ ಬಂದೆ.

ಗೋಂದು ಹಚ್ಚುವವಳಿಗೆ ಮಾತ್ರ ಹೇಳಿದ್ದೆ. ಮಾರನೆಯ ದಿನ ನನ್ನ ಟೀ ಲೋಟದ ಹಿಡಿಗೆ ಕೆಂಪು ದಾರ ಕಟ್ಟಿತ್ತು. "ಲೋಟದಿಂದ ಬರಲ್ಲ ಕಣೇ, ರಕ್ತದಿಂದ ರಕ್ತಕ್ಕೆ ಬರೋದು, ಡಾಕ್ಟರೇ ಹೇಳಿದ್ದಾರೆ" ಎಂದೆ. "ಗೊತ್ತಕ್ಕಾ, ಆದ್ರೂ" ಎಂದಳು. ಆ 'ಆದ್ರೂ'ಗೆ ಮದ್ದಿಲ್ಲ. ನಾನೇ ಎಚ್ಚರ ವಹಿಸಿದ್ದೇನೆ. ಹೊಲಿಯುವಾಗ ಬೆರಳಿಗೆ ಚುಚ್ಚುವುದು ನಮ್ಮ ಕೆಲಸದಲ್ಲಿ ದಿನದ ಮಾತು, ಆದ್ದರಿಂದ ನನ್ನ ಸೂಜಿ, ನನ್ನ ದಬ್ಬಳ ಬೇರೆ ಡಬ್ಬಿಯಲ್ಲಿ. ಯಾರೂ ಹೇಳುವ ಮುಂಚೆ ನಾನೇ ಬೇರೆ ಮಾಡಿದೆ. ಮಗಳನ್ನೂ ಪರೀಕ್ಷೆ ಮಾಡಿಸಿದೆ. ಅವಳಿಗೆ ಇಲ್ಲ. ಅದೊಂದು ದಿನ ಹೊಟ್ಟೆ ತುಂಬ ಉಂಡೆ.

ನಿನ್ನ ಪತ್ರದಲ್ಲಿ ಗೋಂದು ಇತ್ತು, ಲ್ಯಾಬಿತ್ತು, ಕಿವಿಯ ಮೆಷಿನ್ನಿತ್ತು. ಇಂಜೆಕ್ಷನ್ನಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ನಿನಗೆ ನನ್ನ ಕಾಯಿಲೆ ತಮಾಷೆಯಾಗಿದೆ. ಕೊಟ್ಟದ್ದು ಎಷ್ಟು ದಿನ, ಹೇಗೆ, ಇಷ್ಟನ್ನು ಬರೆಯಲು ಎಷ್ಟು ಹೊತ್ತು ಬೇಕು?

ಪುಟ್ಟಿ


ಏಪ್ರಿಲ್ 2

ಪುಟ್ಟಿ,

ನಲವತ್ತು ದಿನ ಇರಬೇಕು. ಸರಿಯಾಗಿ ನೆನಪಿಲ್ಲ.

ಎಲ್ಲಿಂದ ಬಂತು ಎಂದು ಕೆದಕಿ ಏನಾಗಬೇಕು? ಎಲ್ಲಿಂದ ಬಂದರೂ ಮಾತ್ರೆ ಒಂದೇ. ಡಾಕ್ಟರು ಸತ್ತು ಹದಿನೆಂಟು ವರ್ಷವಾಯಿತು. ಊರಿನವರು ಇವತ್ತಿಗೂ ಅವರ ಹೆಸರು ಹೇಳಿ ಕೈ ಮುಗಿಯುತ್ತಾರೆ. ನಿಮ್ಮ ಆಸ್ಪತ್ರೆಯವರ ಮುಂದೆ ಆ ಕ್ಲಿನಿಕ್ಕಿನ ಹೆಸರು ಎತ್ತಬೇಡ. ಸುಮ್ಮನೆ ಕಿಟಕಿಗೆ ಹೋಗಿ ಮಾತ್ರೆ ತೆಗೆದುಕೋ.

ಅಣ್ಣ


ಜೂನ್ 19

ಅಣ್ಣಾ,

ಎರಡೂವರೆ ತಿಂಗಳು ಬರೆಯಲಿಲ್ಲ. ಸಿಟ್ಟಿತ್ತು. ತಂಗಿಯ ಲಿವರಿಗಿಂತ ಸತ್ತ ಡಾಕ್ಟರ ಹೆಸರು ದೊಡ್ಡದಾಯಿತಲ್ಲ ಎಂದು. ಈಗ ಸಿಟ್ಟು ಮಾಡಲೂ ತ್ರಾಣವಿಲ್ಲ. ಪಾದ ಊದಿಕೊಳ್ಳುತ್ತಿದೆ. ಮೆಟ್ಟಿಲು ಹತ್ತುವಾಗ ನಡುವೆ ಕೂತು ಏಳುತ್ತೇನೆ.

ಮಾತ್ರೆ ಇನ್ನೂ ಶುರು ಮಾಡಿಲ್ಲ. ಬೈಯಬೇಡ, ಪೂರ್ತಿ ಓದು.

ಡಾಕ್ಟರಮ್ಮ ಮತ್ತೆ ಇಂಜೆಕ್ಷನ್ ವಿಷಯಕ್ಕೇ ಬಂದರು. "ಆ ಕಾಲದ ಗಾಜಿನ ಸಿರಿಂಜು, ಸರಿಯಾಗಿ ಕುದಿಸ್ದೆ ಕೊಟ್ಟಿರ್ಬಹುದು" ಎಂದರು. ನನಗೆ ರೇಗಿತು. "ಕೊಟ್ಟಿದ್ದು ನಮ್ಮಣ್ಣ. ಕುದಿಸದೆ ಒಂದು ಸೂಜಿ ಮುಟ್ತಿರ್ಲಿಲ್ಲ. ಸ್ಟವ್ ಮೇಲೆ ಪಾತ್ರೆ ಕೊತಕೊತ ಅನ್ನೋದು ನನ್ನ ಕಿವಿಯಲ್ಲಿದೆ" ಎಂದೆ. ಅವರು ಪಟ್ಟಿಯ ಮುಂದಿನ ಸಾಲಿಗೆ ಬೆರಳಿಟ್ಟರು. ಆಮೇಲೆ ಯಜಮಾನರ ಬಗ್ಗೆ ಕೇಳಿದರು. ಏನು ಕೆಲಸ ಮಾಡುತ್ತಿದ್ದರು, ಸೂಜಿಯ ಅಮಲಿನ ಚಟ ಇತ್ತೇ, ಹೊರಗೆ ಸಂಬಂಧಗಳು ಇದ್ದವೇ ಎಂದು. ಗಂಡಹೆಂಡಿರ ನಡುವೆ ಇದು ಹರಡುವುದು ಬಹಳ ಅಪರೂಪ, ಆದರೂ ಕೇಳುವುದು ನಮ್ಮ ಕೆಲಸ ಎಂದರು. ಅಪರೂಪ ಎಂಬ ಮಾತು ನನ್ನ ತಲೆಗೆ ಇಳಿಯಲೇ ಇಲ್ಲ.

ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ ಮನುಷ್ಯ. ತಿಂಗಳಲ್ಲಿ ಹತ್ತು ದಿನ ಮನೆ. ಉಳಿದ ಇಪ್ಪತ್ತು ದಿನ ಎಲ್ಲಿರುತ್ತಿದ್ದರು, ನಾನು ಯಾವತ್ತಾದರೂ ಕೇಳಿದ್ದೇನೆಯೇ? ರಕ್ತ ಹಾಕಿಲ್ಲ ಎಂದು ನೀನೇ ಬರೆದೆ. ಇಂಜೆಕ್ಷನ್ ನಿನ್ನ ಕೈಯದು. ಹಚ್ಚೆ ಇಲ್ಲ. ಉಳಿದದ್ದು ಅವರೊಬ್ಬರೇ. ಹೋದ ತಿಂಗಳು ಅವರ ಫೋಟೋ ಗೋಡೆಯಿಂದ ಇಳಿಸಿ ಟ್ರಂಕಿನ ತಳಕ್ಕೆ ಹಾಕಿದೆ. ಸತ್ತು ಒಂಬತ್ತು ವರ್ಷದ ಮೇಲೆ ಗಂಡನಿಗೆ ಶಾಪ ಹಾಕಿದೆ ಅಣ್ಣಾ. ಮಗಳು ಕೇಳಿದಳು, ಹೇಳಿಬಿಟ್ಟೆ. "ಅಪ್ಪ ಅಂಥೋರಲ್ಲ" ಎಂದು ಕೂಗಾಡಿ ಗೆಳತಿಯ ರೂಮಿಗೆ ಹೋದಳು. ಮೂರು ವಾರವಾಯಿತು.

ಆ ಕಿಟಕಿಯ ಮುಂದೆ ನಿಂತರೆ ನನಗೀಗ ಕಾಯಿಲೆಯ ಹೆಸರು ಕಾಣುವುದಿಲ್ಲ, ಅವರ ಹೆಸರೇ ಕಾಣುತ್ತದೆ. ಇದು ನನಗೆ ಹೀಗೇ ಬಂತು ಎಂದು ಒಪ್ಪಿಕೊಂಡು ಕೈ ಚಾಚಿದ ಹಾಗೆ. ಆಗುವುದಿಲ್ಲ. ಆದಷ್ಟು ದಿನ ಆಗಲಿ ಎಂದು ಬಿಟ್ಟಿದ್ದೇನೆ.

ಪುಟ್ಟಿ


ಜೂನ್ 27

ಪುಟ್ಟಿ,

ಮೊದಲು ಟ್ರಂಕ್ ತೆಗೆದು ಆ ಫೋಟೋ ಗೋಡೆಗೆ ಹಾಕು. ಆಮೇಲೆ ಮುಂದೆ ಓದು. ಆ ಮನುಷ್ಯ ನಿನಗೆ ಏನೂ ಮಾಡಿಲ್ಲ. ಮಾಡಿದ್ದು ನಾನು.

ನಾಲ್ಕು ಸಲ ಬರೆದು ಹರಿದೆ. ಚಂದ ಮಾಡಿ ಬರೆಯಲು ಹೋದರೆ ಮತ್ತೆ ಸುಳ್ಳು ಸೇರಿಕೊಳ್ಳುತ್ತದೆ, ಆದ್ದರಿಂದ ಹೇಗಿತ್ತೋ ಹಾಗೆ ಹೇಳುತ್ತೇನೆ.

ಕ್ಲಿನಿಕ್ಕಿನಲ್ಲಿ ಸಿರಿಂಜಿನ ಎಂಟು ಗಾಜಿನ ನಳಿಗೆ, ಇಪ್ಪತ್ತು ಸೂಜಿ ಇದ್ದವು. ಬೆಳಗ್ಗೆ ಎಲ್ಲವನ್ನೂ ಕುದಿಸುತ್ತಿದ್ದೆ, ಅದು ಸತ್ಯ. ಸಾಯಂಕಾಲ ಎರಡು ಬೆಂಚೂ ತುಂಬಿ ಜನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಮ್ಮೆ ಕುದಿಸಿ ಆರಿಸಲು ಅರ್ಧ ಗಂಟೆ ಬೇಕು. "ಸೂಜಿ ಬದಲಾಯ್ಸಿದ್ರೆ ಸಾಕಪ್ಪಾ, ಮೈಗೆ ಹೋಗೋದು ಅದೇ ತಾನೇ" ಎಂದು ಡಾಕ್ಟರು ಹೇಳಿದ್ದರು. ಸೂಜಿ ಬದಲಾಯಿಸುತ್ತಿದ್ದೆ. ನಳಿಗೆ ಅದೇ. ಒಂದೇ ನಳಿಗೆಯಲ್ಲಿ ಐದು ಜನ, ಆರು ಜನ. ನೀನು ಕೇಳಿದ ಕೊತಕೊತ ಸದ್ದು ಸೂಜಿಗಳದ್ದು.

ಡಾಕ್ಟರ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ. ನರಕ್ಕೆ ಹಾಕುವಾಗ ಸ್ವಲ್ಪ ಹಿಂದಕ್ಕೆ ಎಳೆದು ನೋಡಬೇಕು. ಆಗ ನಳಿಗೆಯೊಳಗೆ ಕೆಂಪು ಎಳೆಯೊಂದು ಬರುತ್ತಿತ್ತು. ಅದನ್ನು ಕಣ್ಣಾರೆ ನೋಡುತ್ತಿದ್ದೆ. ನೀರು ಹಾಕಿ ಅಲ್ಲಾಡಿಸಿ ಚೆಲ್ಲಿ, ಮುಂದಿನವರಿಗೆ ತುಂಬುತ್ತಿದ್ದೆ. ಜನ ಕಾಯುತ್ತಿದ್ದಾರೆ, ಅಷ್ಟೇ ತಲೆಯಲ್ಲಿ. ಇಂಥ ಕಾಯಿಲೆ ಒಂದಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ ಅದು ಕೊಳೆ ಎಂದು ನನಗೆ ಗೊತ್ತಿತ್ತು ಪುಟ್ಟಿ.

ಮನೆಯವಳು ತಾನೇ, ಕಾಯಲಿ ಎಂದು ನಿನ್ನನ್ನು ಕೊನೆಗೆ ಕೂರಿಸುತ್ತಿದ್ದೆ. ಎಲ್ಲರ ಮೈ ದಾಟಿದ ನಳಿಗೆ ನಿನಗೆ ಬರುತ್ತಿತ್ತು. ನಲವತ್ತು ದಿನವಲ್ಲ, ನಲವತ್ತೆರಡು. ಒಂದು ದಿನವೂ ಮರೆತಿಲ್ಲ.

ಇನ್ನೂ ಇದೆ. ಮೂರು ವರ್ಷದ ಹಿಂದೆ ನನ್ನ ಕಣ್ಣಿನ ಪೊರೆ ತೆಗೆಯುವ ಮುಂಚೆ ರಕ್ತ ಪರೀಕ್ಷೆ ಮಾಡಿದರು. ನನಗೂ ಇದೇ ಇದೆ. ಕೆಲಸದಲ್ಲಿ ಕೈಗೆ ಎಷ್ಟು ಸಲ ಚುಚ್ಚಿಕೊಂಡಿದ್ದೇನೋ. "ಲಿವರ್ ಡಾಕ್ಟರಿಗೆ ತೋರ್ಸಿ" ಎಂದು ಚೀಟಿ ಬರೆದುಕೊಟ್ಟರು. ಚೀಟಿಯನ್ನು ಮೇಜಿನ ಖಾನೆಯಲ್ಲಿ ಹಾಕಿ ಬೀಗ ಹಾಕಿದೆ. ಹೋದರೆ ಹೇಗೆ ಬಂತು ಎಂದು ಕೇಳುತ್ತಾರಲ್ಲ. ಆವತ್ತೇ ನಿನ್ನ ನೆನಪಾಯಿತು. ಆವತ್ತೇ ಬರೆದಿದ್ದರೆ ನಿನಗೆ ಮೂರು ವರ್ಷ ಉಳಿಯುತ್ತಿತ್ತು. ನಿನ್ನ ಮೊದಲ ಪತ್ರ ಬಂದಾಗ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಕ್ಕೆ. ಅತ್ತಿಗೆ ಅಳುತ್ತಿದ್ದಳು, ನನಗೆ ಬೇರೇನೂ ತೋಚಲಿಲ್ಲ.

ಕಿಟಕಿಗೆ ಹೋಗು. ನಮ್ಮಣ್ಣ ಕೊಟ್ಟದ್ದು ಎಂದು ಯಾರು ಕೇಳಿದರೂ ಹೇಳು.

ಅಣ್ಣ


ಜುಲೈ 5

ಅಣ್ಣಾ,

ಫೋಟೋ ಹಾಕಿದೆ. ಮಗಳಿಗೆ ನಿನ್ನ ಪತ್ರ ಕೊಟ್ಟೆ. ಓದಿ ನನ್ನ ಪಕ್ಕ ಕೂತಳು. ರಾತ್ರಿ ಮನೆಯಲ್ಲೇ ಉಳಿದಳು.

ಸೋಮವಾರದಿಂದ ಮಾತ್ರೆ.

ಕುದಿಸುವುದನ್ನು ಬಿಟ್ಟದ್ದಕ್ಕೆ ನಿನ್ನನ್ನು ಯಾವತ್ತಾದರೂ ಕ್ಷಮಿಸಬಹುದು. ವಯಸ್ಸು ಇಪ್ಪತ್ತೈದು, ಮೇಲಿನವರು ಹೇಳಿದರು, ಜನ ಕಾಯುತ್ತಿದ್ದರು. ಆದರೆ ಖಾನೆಗೆ ಹಾಕಿದ ಬೀಗಕ್ಕೆ ಏನು ಹೇಳಲಿ? ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಮಾತು. ನನಗೆ ಕೇಳಲು ಒಬ್ಬ ಅಣ್ಣನಿದ್ದ. ಆ ಎರಡು ಬೆಂಚಿನ ಮೇಲೆ ಕೂತಿದ್ದವರಿಗೆ ಯಾರಿದ್ದಾರೆ? ಅವರೂ ಸುಸ್ತು, ವಯಸ್ಸಾಯಿತು ಎಂದುಕೊಂಡು ಕೂತಿರುತ್ತಾರೆ. ಅವರಿಗೆ ಹೇಳು. ನೀನೂ ಕಿಟಕಿಗೆ ಹೋಗು, ಅತ್ತಿಗೆಯನ್ನೂ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸು. ಇದಾಗುವವರೆಗೆ ನನಗೆ ಬರೆಯಬೇಡ.

ಪುಟ್ಟಿ


ಅಕ್ಟೋಬರ್ 11

ಪುಟ್ಟಿ,

ಈಗ ಬರೆಯಬಹುದು ಎಂದುಕೊಂಡು ಬರೆಯುತ್ತಿದ್ದೇನೆ.

ಅತ್ತಿಗೆಗೆ ಕಾಯಿಲೆ ಇಲ್ಲ. ಒಂಬತ್ತು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಈಗ ದಿನಾ ಬೆಳಗ್ಗೆ ಎಂಟಕ್ಕೆ "ಮಾತ್ರೆ ನುಂಗಿದ್ರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಮುಚ್ಚಿಟ್ಟದ್ದಕ್ಕೆ ಅವಳ ಶಿಕ್ಷೆ ಅದು. ನನ್ನದು ಆರನೇ ವಾರ. ಒಂದಿಷ್ಟು ತಲೆನೋವು ಬಿಟ್ಟರೆ ಏನೂ ಇಲ್ಲ. ಇಷ್ಟಕ್ಕಾಗಿ ಮೂರು ವರ್ಷ ಹೆದರಿದ್ದೆ.

ಕ್ಲಿನಿಕ್ಕಿನ ಪುಸ್ತಕಗಳು ಗೆದ್ದಲು ಹಿಡಿದು ಹೋಗಿವೆ. ಕಣ್ಣು ಮುಚ್ಚಿ ಕೂತು ಬೆಂಚಿನ ಮೇಲೆ ಯಾರ ಪಕ್ಕ ಯಾರು ಕೂರುತ್ತಿದ್ದರು ಎಂದು ನೆನೆದು ಬರೆದೆ. ಬದುಕಿರುವವರು ಮೂವತ್ತೊಂದು ಮಂದಿ ಸಿಕ್ಕಿದರು. ಮನೆ ಮನೆಗೆ ಹೋದೆ. ಮೊದಲ ಎರಡು ದಿನ ಕಿವಿಯ ಮೆಷಿನ್ ತೆಗೆದಿಟ್ಟು ಹೋಗಿದ್ದೆ. ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಬೈಗುಳ ಮುಟ್ಟುತ್ತಿರಲಿಲ್ಲ. ಮೂರನೆಯ ದಿನ ನನಗೇ ನಾಚಿಕೆಯಾಯಿತು, ಹಾಕಿಕೊಂಡು ಹೋದೆ. ದರ್ಜಿ, "ನಿನ್ನ ಕೈ ಸೇದಿಹೋಗ! ಈಗ ಬಂದು ಹೇಳ್ತೀಯಾ?" ಎಂದು ಬಾಗಿಲು ಹಾಕಿದ. ಹೌದು, ಈಗ ಬಂದು ಹೇಳುತ್ತಿದ್ದೇನೆ ಎಂದು ಬಾಗಿಲಿಗೇ ಹೇಳಿ ಬಂದೆ. ನಾಲ್ಕು ದಿನ ಬಿಟ್ಟು ಅವನೇ ಬಂದು ಆಸ್ಪತ್ರೆಗೆ ಯಾವ ಬಸ್ಸು ಎಂದು ಕೇಳಿದ.

ಟೀಚರಮ್ಮ ನೆನಪಿದ್ದಾರಾ? ಅವರ ಗಂಡ ಲಿವರ್ ಕೆಟ್ಟು ತೀರಿಕೊಂಡರು. ಕದ್ದು ಕುಡಿಯುತ್ತಿದ್ದರು ಎಂದು ಊರೆಲ್ಲ ಮಾತಾಡಿತ್ತು. ಅವರೂ ಆ ಬೆಂಚಿನವರೇ. ಹೇಳಿದೆ. ಇದರಿಂದಲೇ ಎಂದು ಈಗ ಯಾರೂ ಹೇಳಲಾರರು, ಆಗಿರಬಹುದು ಎಂದೆ. ಆಕೆ, "ಅವ್ರು ಕುಡೀತಿರ್ಲಿಲ್ಲ. ನಾನೊಬ್ಳೇ ಹೇಳ್ತಿದ್ದೆ. ಆಮೇಲಾಮೇಲೆ ನಾನೂ ನಂಬೋದು ಬಿಟ್ಬಿಟ್ಟೆ" ಎಂದರು. ನನಗೊಂದು ಲೋಟ ನೀರು ಕೊಟ್ಟರು. ಅದನ್ನು ಕುಡಿಯುವಾಗ ಅತ್ತೆ ಪುಟ್ಟಿ. ಬೈದಿದ್ದರೆ ಚೆನ್ನಾಗಿತ್ತು.

ಇಪ್ಪತ್ತೆರಡು ಜನ ಪರೀಕ್ಷೆ ಮಾಡಿಸಿದರು. ಐವರಿಗೆ ಇದೆ. ಐವರನ್ನೂ ನಾನೇ ಕಿಟಕಿಗೆ ಕರೆದುಕೊಂಡು ಹೋಗುತ್ತೇನೆ, ಸಾಲಿನಲ್ಲಿ ಮೊದಲು ನಾನು ನಿಲ್ಲುತ್ತೇನೆ. ಉಳಿದ ಒಂಬತ್ತು ಮಂದಿಯ ಮನೆಗೆ ಮತ್ತೆ ಹೋಗಬೇಕು. ಡಾಕ್ಟರ ಹೆಸರಿಗೆ ಕೈ ಮುಗಿಯುವವರು ಕಡಿಮೆಯಾಗಿದ್ದಾರೆ. ನನ್ನನ್ನು ಕಂಡರೆ ಕೆಲವರು ರಸ್ತೆ ದಾಟುತ್ತಾರೆ. ಕಾಲು ಸೋತಿದೆ, ಆದರೆ ಖಾನೆಗೆ ಬೀಗ ಹಾಕುವುದು ಬಿಟ್ಟಿದ್ದೇನೆ.

ನಿನ್ನ ಮಾತ್ರೆ ಮುಗಿದಿರಬೇಕು. ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಅಣ್ಣ


ಡಿಸೆಂಬರ್ 29

ಅಣ್ಣಾ,

ನಿನ್ನ ಪತ್ರ ಬಂದಾಗಲೇ ಬರೆಯಬಹುದಿತ್ತು. ಬರೆಯಲಿಲ್ಲ. ಕೊನೆಯ ಪರೀಕ್ಷೆ ಆಗಲಿ ಎಂದು ನೆಪ ಹೇಳಿಕೊಂಡೆ. ಸ್ವಲ್ಪ ಕಾಯಲಿ ಎಂದೂ ಇತ್ತು. ನಾನೂ ನಿನ್ನ ತಂಗಿಯೇ ತಾನೇ.

ಮಾತ್ರೆ ಮುಗಿದು ಹನ್ನೆರಡು ವಾರಕ್ಕೆ ಮತ್ತೆ ರಕ್ತ ತೆಗೆದರು. ನಿನ್ನೆ ವರದಿ ಬಂತು. ವೈರಸ್ ಇಲ್ಲ. "ಇಲ್ಲ ಅಂದ್ರೆ ಇಲ್ಲವೇ ಇಲ್ಲವಾ?" ಎಂದು ಕೇಳಿದೆ. "ವಾಸಿಯಾಯ್ತು ಅಮ್ಮಾ" ಎಂದರು ಡಾಕ್ಟರಮ್ಮ. ಲಿವರಿನ ಕಲೆ ಪೂರ್ತಿ ಹೋಗುವುದಿಲ್ಲವೇನೋ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಪಾದದ ಊತ ಇಳಿದಿದೆ. ಸುಸ್ತು ಅರ್ಧ ಹೋಗಿದೆ, ಅರ್ಧ ಇದೆ. ಮಧ್ಯಾಹ್ನ ಮೂರಕ್ಕೆ ಈಗ ನಿದ್ದೆ ಬರುವುದಿಲ್ಲ. ಗೋಂದಿನವಳು ಲೋಟದ ಕೆಂಪು ದಾರ ಬಿಚ್ಚಲು ಬಂದಳು. ಇರಲಿ ಬಿಡು, ನನ್ನ ಲೋಟ ಯಾವುದು ಎಂದು ಗೊತ್ತಾಗುತ್ತದೆ ಎಂದೆ. ಮುಖ ಸಣ್ಣದು ಮಾಡಿಕೊಂಡಳು. ಅಷ್ಟಾದರೂ ಬೇಡವೇ?

ನಿನ್ನ ಕೊನೆಯ ಪರೀಕ್ಷೆ ಫೆಬ್ರವರಿಯಲ್ಲಿ ಬರಬೇಕು. ತಾರೀಖು ಬರೆ, ಬರುತ್ತೇನೆ. ಕ್ಷಮಿಸಿದೆ ಎಂದು ಇದರಲ್ಲಿ ಬರೆದಿಲ್ಲ, ಹುಡುಕಬೇಡ. ಉಳಿದ ಒಂಬತ್ತು ಮನೆಗೆ ಜೊತೆಯಲ್ಲಿ ಹೋಗೋಣ. ನನ್ನನ್ನು ಕಂಡರೆ ಬಾಗಿಲು ಹಾಕುವುದು ಅವರಿಗೆ ಸ್ವಲ್ಪ ಕಷ್ಟವಾಗುತ್ತದೆ.

ಈಗ ಸಿರಿಂಜು ಒಂದೊಂದಾಗಿ ಕಾಗದದ ಚೀಲದಲ್ಲಿ ಬರುತ್ತದೆ. ನರ್ಸ್ ನಮ್ಮ ಕಣ್ಣೆದುರೇ ಅದನ್ನು ಪರ್ ಎಂದು ಹರಿಯುತ್ತಾಳೆ. ಮೆಷಿನ್ ಹಾಕಿಕೊಂಡು ಬಾ, ಆ ಸದ್ದು ನೀನು ಕೇಳಬೇಕು. ನಿನ್ನ ತೋಳು ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತೇನೆ. ಹಲ್ಲಿಯ ಕಥೆ ಹೇಳುವುದಿಲ್ಲ.

ಆ ಕಡೆ ನೋಡಬೇಡ ಅಣ್ಣಾ. ಈ ಕಡೆ ನೋಡು, ನಾನಿದ್ದೇನೆ.

ಪುಟ್ಟಿ